ಕೆಂಪು ಹುಳದ ಅರ್ಧ ತುಂಡು

ಹುಬ್ಬಳ್ಳಿ,
ಬುಧವಾರ, 1968

ಮುರಿಗೆವ್ವ ಆಯಿ,

ಪತ್ರದ ಮೊದಲಿಗೆ ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು, ಅಷ್ಟು ರೀತಿ ರಿವಾಜು ನನಗೂ ಗೊತ್ತು. ಆದರೆ ನಿಮಗೆ ಆ ಸಾಲು ಬರೆಯಲು ಕೈ ಏಳಲಿಲ್ಲ. ನಾನು ರೆಹಮತ್‌ಬಿ. ಶಾಲೆಯ ಗೇಟಿನ ಎದುರಿಗಿರುವ ಹಸಿರು ಬಾಗಿಲಿನ ಮನೆಯವಳು. ನಿಮ್ಮ ಮಿಠಾಯಿ ತಿಂದು ಯಾವ ಮನೆಯ ಕೂಸು ಸಾಯುವಂತಾಗಿತ್ತು ಎಂದು ಓಣಿಯೆಲ್ಲ ಹೇಳಿತೋ, ಆ ಮನೆಯವಳು. ಅದು ನಿಮ್ಮ ಮಿಠಾಯಿ ಅಲ್ಲ ಆಯಿ. ನನಗದು ಆ ದಿನವೇ ಗೊತ್ತಿತ್ತು. ಐದು ವರ್ಷದಿಂದ ಗೊತ್ತಿದೆ.

ನಿಮಗೆ ಓದಲು ಬರುವುದಿಲ್ಲ. ಗಬ್ಬೂರಿನಲ್ಲಿ ನಿಮ್ಮ ಓಣಿಯ ಪತ್ರಗಳನ್ನೆಲ್ಲ ಅಂಚೆಯ ಯಮನಪ್ಪನವರೇ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಾರೆ ಎಂದು ಕೇಳಿದ್ದೇನೆ. ಯಮನಪ್ಪಣ್ಣಾ, ಇಲ್ಲಿಗೇ ನಿಲ್ಲಿಸಿ ಆಯಿಯ ಮುಖ ನೋಡಬೇಡಿರಿ. ದನಿಯನ್ನೂ ತಗ್ಗಿಸಬೇಡಿರಿ. ಕಟ್ಟೆಯ ಮೇಲೆ ಯಾರು ಯಾರು ಇದ್ದಾರೋ ಅವರೆಲ್ಲ ಕೇಳಲಿ.

ಆಯಿ, ನಮ್ಮ ಮನೆಯಿಂದ ಬರುತ್ತಿದ್ದ ಆ ಕೆಟ್ಟ ಹೊಗೆ ನಿಮಗೆ ನೆನಪಿರಬೇಕು. ನೀವು ಗೇಟಿನ ಹತ್ತಿರ ಕೂತು ಮಿಠಾಯಿ ಬುಟ್ಟಿಯ ಮೇಲೆ ಅರಿವೆ ಹೊದಿಸುತ್ತ, ಮೂಗು ಮುಚ್ಚಿಕೊಂಡು, "ರೆಹಮತವ್ವಾ, ಒಳಗ ಏನ ಸುಡಾಕತ್ತೀಯವ್ವಾ, ಚಪ್ಪಲಿ ಸಾರು ಮಾಡ್ತಿಯೇನು?" ಎಂದು ನಗುತ್ತಿದ್ದಿರಿ. ಚಪ್ಪಲಿಯೇ ಆಯಿ. ಹರಿದ ಪ್ಲಾಸ್ಟಿಕ್ ಚಪ್ಪಲಿ, ತೂತು ಬಿದ್ದ ರೇನ್‌ಕೋಟು. ಅದರಿಂದ ನಾನು ಹುಳ ಮಾಡುತ್ತಿದ್ದೆ. ಮೀನು ಹಿಡಿಯುವ ಹುಳ.

ನನ್ನ ಮನೆಯವರು ಗೌಸಮೊದ್ದೀನ, ನಿಮಗೆ ಗೊತ್ತಿರುವವರೇ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವರ ಫೋರ್‌ಮನ್ ಸಾಹೇಬರಿಗೆ ಭಾನುವಾರ ಬಂತೆಂದರೆ ಉಣಕಲ್ ಕೆರೆ. ಟೊಪ್ಪಿಗೆ ಹಾಕಿಕೊಂಡು, ಕೋಲು ಹಿಡಿದುಕೊಂಡು, ಮುಂಜಾನೆಯಿಂದ ಸಂಜೆಯವರೆಗೆ ನೀರು ನೋಡುತ್ತ ಕೂರುವುದು. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ್ದ ಅವರ ತಮ್ಮ ಒಂದು ಸಲ ಮೆದು ಪ್ಲಾಸ್ಟಿಕ್ಕಿನ ಎರೆಹುಳುಗಳನ್ನು ಕಳಿಸಿದ್ದ. ಬೆರಳುದ್ದ, ಕೆಂಪು, ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟರೆ ಜೀವ ಇದ್ದಂತೆ ಬಳುಕುತ್ತವೆ. ಒಂದು ತಿಂಗಳಲ್ಲಿ ಎಲ್ಲದರ ಬಾಲವನ್ನೂ ಮೀನು ಹರಿದು ಹಾಕಿದವು. ಸಾಹೇಬರು ಒಂದನ್ನು ನಮ್ಮವರ ಕೈಗೆ ಕೊಟ್ಟು ರಿಪೇರಿ ಆಗುತ್ತದೇನು ನೋಡು ಎಂದರಂತೆ. ನಮ್ಮವರು ಅದನ್ನು ಮನೆಗೆ ತಂದು ನನ್ನ ಮುಂದಿಟ್ಟು, "ನಿಮ್ಮಪ್ಪ ಅರಗಿನ ಬಳೆ ಮಾಡ್ತಿದ್ದಾ. ಕರಗಿಸೂದು ನಿನಗ ಗೊತ್ತು. ನೋಡು" ಎಂದರು.

ನೋಡಿದೆ. ಅಷ್ಟೇ ಆಯಿ, ಹುಚ್ಚು ಹಿಡಿಯಿತು. ಬಳಪದ ಕಲ್ಲಿನಲ್ಲಿ ಹುಳದ ಅಚ್ಚು ಕೊರೆದುಕೊಡಿರಿ ಎಂದು ಅವರ ಬೆನ್ನು ಬಿದ್ದೆ. ಪ್ಲಾಸ್ಟಿಕ್ಕನ್ನು ಮೆದು ಮಾಡುವ ಎಣ್ಣೆಯನ್ನು ಸಾಹೇಬರು ಬೊಂಬಾಯಿಯ ಕಾರ್ಖಾನೆಯೊಂದರಿಂದ ತರಿಸಿಕೊಟ್ಟರು. ಚಪ್ಪಲಿ ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ನೆನೆಸಿ, ಹಳೇ ಬಟ್ಟಲಿನಲ್ಲಿ ಸಣ್ಣ ಕೆಂಡದ ಮೇಲಿಟ್ಟು ಕಲಕುತ್ತಿದ್ದೆ. ಉರಿ ಒಂದು ಚೂರು ಹೆಚ್ಚಾದರೆ ಕರಕಲು, ಕಡಿಮೆಯಾದರೆ ಗಂಟು. ಹದಕ್ಕೆ ಬಂದಾಗ ಅಂಬಲಿಯ ಹಾಗೆ ಆಗುತ್ತಿತ್ತು, ಅಚ್ಚಿಗೆ ಸುರಿದು ತಣ್ಣೀರಿನಲ್ಲಿ ಅದ್ದಿದರೆ ಹುಳ ತಯಾರು. ಹಾಳಾದವುಗಳ ಲೆಕ್ಕವಿಲ್ಲ. ನಮ್ಮ ಅತ್ತೆ ಅಖ್ತರಬೇಗಂ ಮಾತ್ರ "ಸೊಸಿ ಹುಳದ ದಂಧೆ ಹಿಡಿದಾಳ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ಅಳುವುದೊಂದು ಬಾಕಿ.

ಬೆಂಕಿಪೆಟ್ಟಿಗೆಯಲ್ಲಿ ಎರಡೆರಡು ಹುಳ ಇಟ್ಟು ನಮ್ಮವರು ವರ್ಕ್‌ಶಾಪಿಗೆ ಒಯ್ದು ಮಾರುತ್ತಿದ್ದರು. ಲೋಂಡಾದಿಂದ, ಕ್ಯಾಸಲ್‌ರಾಕಿನಿಂದ ರೈಲಿನ ಗಾರ್ಡುಗಳು ಹೇಳಿಕಳಿಸುತ್ತಿದ್ದರು. "ಗೌಸನ ಹೆಂಡತಿ ಮಾಡಿದ ಹುಳ ಇದ್ದರೆ ಕೊಡು" ಎಂದೇ ಕೇಳುತ್ತಿದ್ದರಂತೆ. ಹುಟ್ಟಿದಾಗಿನಿಂದ ಒಬ್ಬರೂ ನಾನು ಮಾಡಿದ್ದನ್ನು ನಾನು ಮಾಡಿದ್ದೆಂದು ಕೇಳಿರಲಿಲ್ಲ. ನಾನು ಮಾಡಿದ ರೊಟ್ಟಿಯನ್ನು ಮಂದಿ ಅತ್ತೆಯ ಮನೆಯ ರೊಟ್ಟಿ ಎನ್ನುತ್ತಿದ್ದರು. ಈ ಮಾತನ್ನು ನೆನಪಿಡಿರಿ ಆಯಿ, ಮುಂದೆ ಬರುತ್ತದೆ.

ಪರದೇಶದ ಹುಳಗಳಿಗೆ ಬಡೇಸೋಪಿನ ವಾಸನೆ ಹಾಕುತ್ತಾರೆ, ಮೀನಿಗೆ ಅದು ಬಹಳ ಸೇರುತ್ತದೆ ಎಂದು ಸಾಹೇಬರ ತಮ್ಮ ಬರೆದಿದ್ದನಂತೆ. ಬಡೇಸೋಪು ಎಂದ ಕೂಡಲೇ ನನಗೆ ನೆನಪಾದವರು ನೀವು. ನಿಮ್ಮ ಮಿಠಾಯಿಯಲ್ಲಿ ಅದೇ ತಾನೇ. ಪಾಕ ಎಳೆದು ಹೊಸೆದ ಆ ಕೆಂಪು ಕಡ್ಡಿಗಳ ಘಮ ಶಾಲೆ ಬಿಡುವ ಹೊತ್ತಿಗೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ನಾನು ಬಂದು ಬಾಯಿ ತೆರೆಯುವುದೇ ತಡ, ನೀವು ಬುಟ್ಟಿಯ ತಳದಿಂದ ಬಡೇಸೋಪಿನ ಎಣ್ಣೆಯ ಬಾಟಲಿ ತೆಗೆದು ಅರ್ಧ ನನಗೆ ಬಗ್ಗಿಸಿ ಕೊಟ್ಟಿರಿ. "ಒಂದ ಹನಿ ಸಾಕವ್ವಾ, ಎರಡ ಹಾಕಿದ್ರ ಕಹಿ ಆಕ್ಕೈತಿ" ಎಂದಿರಿ. ಏನಕ್ಕೆ ಎಂದು ಕೇಳಿದಿರಿ. ಶರಬತ್ತಿಗೆ ಎಂದೆ. ಹುಳಕ್ಕೆ ಎಂದರೆ ನೀವು ಅಸಹ್ಯಪಟ್ಟುಕೊಂಡು ಕೊಡಲಾರಿರೇನೋ ಎಂದು. ನಿಮಗೆ ಹೇಳಿದ ಮೊದಲ ಸುಳ್ಳು ಅದು. ಬಣ್ಣವನ್ನೂ ನಿಮ್ಮ ಕಡ್ಡಿಗಳನ್ನೇ ನೋಡಿ ಕೂಡಿಸಿಕೊಂಡೆ. ಅಂಥ ಕೆಂಪು ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೀಗೆ ನಿಮ್ಮ ಬಣ್ಣ, ನಿಮ್ಮ ವಾಸನೆ ಹಚ್ಚಿಕೊಂಡ ಹುಳಗಳನ್ನು ಒಂದು ಶುಕ್ರವಾರ ಮೊರದ ಮೇಲೆ ಹರವಿ ಅಂಗಳದಲ್ಲಿ ಇಟ್ಟು ಒಳಗೆ ಹೋದೆ. ನನ್ನ ಸಿತಾರಾಗೆ ಆಗ ಮೂರು ವರ್ಷ. ನಿಮ್ಮ ತೊಡೆಯ ಮೇಲೆ ಕೂತು ಮುರಿದ ಮಿಠಾಯಿ ಚೂರು ತಿಂದು ಬೆಳೆದ ಕೂಸು. ಮೊರದ ತುಂಬ ಆಯಿಯ ಮಿಠಾಯಿ ಕಂಡರೆ ಬಿಡುತ್ತಾಳೆಯೇ?

ನಾನು ಹೊರಗೆ ಬಂದಾಗ ಕೂಸಿನ ಕಣ್ಣು ಮೇಲೆ ಹೋಗಿದ್ದವು. ಮೈಯೆಲ್ಲ ಬೆವರು, ವಾಂತಿಯ ಮೇಲೆ ವಾಂತಿ. ಅತ್ತೆ ಬೊಬ್ಬೆ ಹಾಕಿದರು, ಯಾರೋ ಡಾಕ್ಟರರನ್ನು ಕರೆಯಲು ಓಡಿದರು. ನಾನು ವಾಂತಿ ಒರೆಸುತ್ತಿದ್ದೆ. ಅರಿವೆಯಲ್ಲಿ ಏನೋ ಸಿಕ್ಕಿತು. ಹುಳದ ಅರ್ಧ. ಬಾಲದ ಕಡೆಯದು. ಅದರ ಮೇಲೆ ಸಣ್ಣ ಹಲ್ಲಿನ ಗುರುತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಡಾಕ್ಟರರು ಬಂದು, "ಏನ್ ತಿಂದೈತ್ರಿ ಕೂಸು?" ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದರು ಆಯಿ. ಅಷ್ಟರಲ್ಲಿ ಅತ್ತೆ, "ಆ ಬುಟ್ಟಿ ಮುದುಕಿ ಮಿಠಾಯಿ ತಿಂದೈತ್ರಿ. ಬೇಕಾದ್ರ ಬಾಯಿ ಮೂಸಿ ನೋಡ್ರಿ" ಎಂದರು. ಡಾಕ್ಟರರು ಮೂಸಿದರು. ಬಡೇಸೋಪಿನ ವಾಸನೆ. ಇನ್ನೇನು ಸಾಕ್ಷಿ ಬೇಕು? ನಾನು ಮುಷ್ಟಿ ಬಿಚ್ಚಲಿಲ್ಲ. ತಿಂದದ್ದೆಲ್ಲ ಹೊರಗೆ ಬಿದ್ದಿದೆ, ಇನ್ನು ಹೇಳಿ ಆಗುವುದೇನು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಇನ್ನೂ ಚೂರು ಉಳಿದಿದ್ದರೆ? ಹೆತ್ತ ತಾಯಿ ನಾನು, ಡಾಕ್ಟರರು ಸುಳ್ಳು ನಂಬಲು ಬಿಟ್ಟು ಮಗಳ ಜೀವವನ್ನೇ ಒತ್ತೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು ಕೂತು ನೀರು ಕೇಳಿದಳು. ಅಲ್ಲಾಹನ ದಯೆ, ನನ್ನ ಯೋಗ್ಯತೆಯಲ್ಲ.

ಆಮೇಲಿನದು ನಿಮಗೇ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ನಾನು ಎಲ್ಲಿ ನಿಂತಿದ್ದೆ ಎಂಬುದು ನಿಮಗೆ ಗೊತ್ತಿಲ್ಲ. ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಸುದ್ದಿ ಕೇಳಿ ವರ್ಕ್‌ಶಾಪಿನಿಂದ ಓಡಿ ಬಂದ ನಮ್ಮವರು ನೇರ ನಿಮ್ಮ ಕಡೆಗೇ ಹೋದರು. ಇರುವೆ ಕಂಡರೆ ಕಾಲು ಎತ್ತಿ ದಾಟುವ ಮನುಷ್ಯ ಅವರು. ಅವತ್ತು ಅದೇ ಕಾಲಿನಿಂದ ನಿಮ್ಮ ಬುಟ್ಟಿ ಒದ್ದರು. ಮಿಠಾಯಿ ಗೇಟಿನವರೆಗೂ ಚೆಲ್ಲಿ ಹೋಯಿತು. ಹೆಡ್‌ಮಾಸ್ತರರು ಹೊರಗೆ ಬಂದು ಇನ್ನು ಇಲ್ಲಿ ಕೂರಬಾರದು ಎಂದರು. ನಿಮ್ಮ ಮಂದಿ ನಮ್ಮ ಮಂದಿ ಎನ್ನದೆ ಓಣಿಯವರೆಲ್ಲ ಕೂಡಿ ಬಯ್ದರು. ನೀವು ಅಳಲಿಲ್ಲ. ಕೆಳಗೆ ಬಿದ್ದ ಒಂದು ಕಡ್ಡಿ ಎತ್ತಿ, ಮಣ್ಣು ಸಹಿತ ಬಾಯಿಗೆ ಹಾಕಿಕೊಂಡು, "ನೋಡ್ರಿ, ನಾ ತಿಂತೇನಿ, ಸತ್ರ ನಾ ಸಾಯಲಿ" ಎಂದಿರಿ. ಆಮೇಲೆ ನಮ್ಮ ಕಿಟಕಿಯ ಕಡೆ ತಿರುಗಿದಿರಿ. "ರೆಹಮತವ್ವಾ, ನೀನರ ಹೇಳವ್ವಾ, ನಿನ್ನ ಕೂಸಿಗೆ ನಾ ಎಂದರ ಕೆಟ್ಟದ್ದು ಕೊಟ್ಟೇನೇನು?"

ನಾನು ಹಿಂದೆ ಸರಿದು ಗೋಡೆಗೆ ಆತುಕೊಂಡೆ. ಮುಷ್ಟಿಯಲ್ಲಿ ಆ ತುಂಡು ಇನ್ನೂ ಇತ್ತು.

ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬರೆದರೆ ನೀವು ನಂಬುತ್ತೀರಿ, ಒಳ್ಳೆಯವರು. ಆದರೆ ಹೆದರಿಕೆ ಅರ್ಧ ಮಾತ್ರ. ಇನ್ನರ್ಧ ಬರೆಯಲು ನಾಚಿಕೆಯಾಗುತ್ತದೆ. ಖರೇ ಹೇಳಿದರೆ ಹುಳ ಮಾಡುವುದು ನಿಂತುಹೋಗುತ್ತದೆ ಎಂದು ಸುಮ್ಮನಿದ್ದೆ. ಕ್ಯಾಸಲ್‌ರಾಕಿನ ಯಾವನೋ ಗಾರ್ಡು ನನ್ನ ಹುಳ ಕೇಳುವುದು ಬೇಕಾಗಿತ್ತು ನನಗೆ, ನಿಮ್ಮ ಹೊಟ್ಟೆಪಾಡಿಗಿಂತ ಹೆಚ್ಚು ಬೇಕಾಗಿತ್ತು. ನೀವು ಬುಟ್ಟಿ ಬಿಟ್ಟು, ಜಿನ್ನಿಂಗ್ ಗಿರಣಿಗೆ ಹತ್ತಿಯ ಕಸ ಆರಿಸಲು ಹೋಗತೊಡಗಿದ ವಾರವೇ ನಾನು ಮತ್ತೆ ಬಟ್ಟಲು ಒಲೆಗೆ ಇಟ್ಟೆ. ಬಡೇಸೋಪು ಬಿಟ್ಟು ಬೇವಿನೆಣ್ಣೆ ಹಚ್ಚಿದೆ, ಕೂಸು ಬಾಯಿಗೆ ಹಾಕಬಾರದು ಎಂದು. ಮೀನೂ ಹಾಕಲಿಲ್ಲ. ಸಾಹೇಬರು ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಕೇಳುವವರಿಲ್ಲದೆ ಅದು ನಿಂತಿತು. ನಾನಾಗಿ ನಿಲ್ಲಿಸಲಿಲ್ಲ, ಅದೂ ನಿಮಗೆ ತಿಳಿದಿರಲಿ.

ಕೆಮ್ಮು ಹತ್ತಿ ಗಿರಣಿ ಬಿಟ್ಟು ಮಗಳ ಮನೆಗೆ ಗಬ್ಬೂರಿಗೆ ಹೋದಿರಿ ಎಂದು ಕೇಳಿದಾಗ ನನಗೆ ಹಗುರಾಯಿತು ಆಯಿ. ದಿನಾ ಎದುರಿಗೆ ಆ ಖಾಲಿ ಜಾಗ ಕಂಡರೂ ನೀವು ಕಾಣುವುದಿಲ್ಲವಲ್ಲ ಎಂದು. ಇದಕ್ಕಿಂತ ಕೆಳಗೆ ಮನುಷ್ಯರು ಇಳಿಯಲಾರರು ಎಂದುಕೊಂಡಿದ್ದೆ. ಹೋದ ಗುರುವಾರ ಅದೂ ಸುಳ್ಳಾಯಿತು.

ಸಿತಾರಾ ಈಗ ಮೂರನೇ ಇಯತ್ತೆ. ಅದೇ ಶಾಲೆ. ಗುರುವಾರ ಇಬ್ಬರು ಗೆಳತಿಯರನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿ, ಎದೆ ಉಬ್ಬಿಸಿ ಹೇಳುತ್ತಿದ್ದಳು: "ಇಲ್ಲೇ ನಾ ಸತ್ತ ಹೋಗಿದ್ನೆಲೇ. ಆ ಮುರಿಗೆವ್ವ ಮುದುಕಿ ನನಗ ವಿಷ ಹಾಕಿದ್ಲು." ಆ ಹುಡುಗಿಯರು ಅವಳನ್ನು ಎಂಥ ದೊಡ್ಡವಳೋ ಎಂಬಂತೆ ನೋಡುತ್ತಿದ್ದರು. ಶಾಲೆಯಲ್ಲಿ ಸಣ್ಣ ಮಕ್ಕಳನ್ನು ಹೆದರಿಸಲು "ಮುರಿಗೆವ್ವ ಬಂದ್ಲು" ಎನ್ನುತ್ತಾರಂತೆ. ನಿಮ್ಮ ತೊಡೆಯ ಮೇಲೆ ಬೆಳೆದವಳ ಬಾಯಲ್ಲಿ ನಿಮ್ಮ ಹೆಸರು ಗುಮ್ಮ ಆಗಿದೆ. ಆ ಸುಳ್ಳನ್ನು ಅವಳ ಬಾಯಿಗೆ ಹಾಕಿದವಳು ನಾನು.

ಈ ಪತ್ರ ಬರೆಯಲು ಕೂತವಳು, ಅರ್ಧ ಬರೆದ ಮೇಲೆ ನನ್ನ ಕಳ್ಳಬುದ್ಧಿಯನ್ನು ನಾನೇ ಹಿಡಿದೆ. ಗಬ್ಬೂರಿನ ಕಟ್ಟೆಯ ಮೇಲೆ ನಿಮ್ಮನ್ನು ಯಾರೂ ಬಯ್ದಿಲ್ಲ. ಅಲ್ಲಿ ನಿಮ್ಮ ಮರ್ಯಾದೆ ಹೋಗಿಲ್ಲ, ಅಲ್ಲಿ ಅದನ್ನು ಮರಳಿ ಕೊಟ್ಟು ನಾನು ದೊಡ್ಡವಳಾಗುವುದು ಸುಲಭ. ಹೋದದ್ದು ಶಾಲೆಯ ಗೇಟಿನಲ್ಲಿ. ಅದಕ್ಕೆ ಇದನ್ನು ಎರಡು ಪ್ರತಿ ಬರೆಯುತ್ತಿದ್ದೇನೆ. ಒಂದು ನಿಮಗೆ. ಇನ್ನೊಂದನ್ನು ಬರುವ ಶನಿವಾರ ಮುಂಜಾನೆಯ ಶಾಲೆ ಬಿಟ್ಟಾಗ, ನೀವು ಕೂರುತ್ತಿದ್ದ ಜಾಗದಲ್ಲಿ ನಿಂತು ನಾನೇ ಓದುತ್ತೇನೆ. ಮಕ್ಕಳು, ಮಾಸ್ತರರು, ಓಣಿಯವರು ಎಲ್ಲ ಇರುವ ಹೊತ್ತು ಅದು. ಹುಳದ ಆ ಅರ್ಧ ತುಂಡು ಸುಣ್ಣದ ಡಬ್ಬಿಯಲ್ಲಿ ಇನ್ನೂ ಇದೆ, ಹಲ್ಲಿನ ಗುರುತು ಹಾಗೇ ಇದೆ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಓದುತ್ತೇನೆ. ನೀವು ಬಂದರೆ ನಿಮ್ಮ ಮುಂದೆ ಓದುತ್ತೇನೆ, ಬಾರದಿದ್ದರೂ ಓದುತ್ತೇನೆ. ನನ್ನ ಮುಖ ನೋಡಲು ನಿಮಗೆ ಮನಸ್ಸಾಗದಿದ್ದರೆ ಅದು ನ್ಯಾಯವೇ.

ಸಿತಾರಾಗೆ ಹೇಳಿದೆ. "ಹಂಗಾರ ಆ ಆಯಿ ನನ್ನ ಮ್ಯಾಲೆ ಸಿಟ್ಟಾಗ್ಯಾಳೇನಮ್ಮಾ?" ಎಂದು ಕೇಳಿದಳು. ಅತ್ತೆಯವರು ಮಂದಿ ಮರೆತದ್ದನ್ನು ಯಾಕೆ ಕೆದಕುತ್ತೀ ಎಂದು ಬಯ್ದು ಮುಸುಕು ಹಾಕಿ ಮಲಗಿದ್ದಾರೆ.

ಎಲ್ಲರಿಗಿಂತ ಕಷ್ಟವಾದದ್ದು ನಮ್ಮವರಿಗೆ ಹೇಳುವುದು. ನಿಮ್ಮ ಬುಟ್ಟಿ ಒದ್ದ ದಿನದಿಂದ ಅವರು ಮಿಠಾಯಿ ಬಾಯಿಗೆ ಇಟ್ಟಿಲ್ಲ. ಈದ್ ಹಬ್ಬದಲ್ಲೂ ಇಲ್ಲ. "ಉಣ್ಣೂದಕ್ಕ ಕಾಲು ಹಚ್ಚಿದವ ನಾ" ಎಂದು ಒಂದು ಸಲ ಅಂದಿದ್ದರು. ಅವರ ತಪ್ಪೆಂದು ಅವರು ಹೊತ್ತುಕೊಂಡಿದ್ದು ನನ್ನ ತಪ್ಪನ್ನು, ನಾನು ಹೊರಲು ಬಿಟ್ಟಿದ್ದೆ. ಭಾನುವಾರ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಆಮೇಲೆ ಮೂರು ದಿನ ನಾನು ಬಡಿಸಿದ ಊಟ ಮುಟ್ಟಲಿಲ್ಲ.

ಇವತ್ತು ಮುಂಜಾನೆ ಕೆಲಸಕ್ಕೆ ಹೊರಟವರು ಹೊಸ್ತಿಲಲ್ಲಿ ನಿಂತರು. ನನ್ನ ಕಡೆ ನೋಡದೆ ಕೇಳಿದರು: "ಆಯಿ ಬುಟ್ಟಿ ಎಷ್ಟು ಅಗಲ ಇತ್ತು?"

ನಾನು ಎರಡೂ ಕೈ ಚಾಚಿ ತೋರಿಸಿದೆ. ಸಂಜೆ ಮೇದಾರ ಓಣಿಯಿಂದ ಹೊಸ ಬುಟ್ಟಿ ತಂದು ಬಾಗಿಲ ಹತ್ತಿರ ಇಟ್ಟಿದ್ದಾರೆ. ಅದರ ಮುಂದೆ ಕೂತೇ ಇದನ್ನು ಮುಗಿಸುತ್ತಿದ್ದೇನೆ. ಅಗಲ ಸರಿಯಾಗಿದೆ ಆಯಿ. ಬರುವುದು ಬಿಡುವುದು ನಿಮ್ಮ ಇಷ್ಟ. ಬುಟ್ಟಿ ಮಾತ್ರ ಶನಿವಾರ ನಿಮ್ಮ ಜಾಗದಲ್ಲಿ ಇರುತ್ತದೆ, ಅದನ್ನು ಅವರೇ ಹೊತ್ತು ತರುತ್ತಾರಂತೆ.

ದೇವರು ನಿಮ್ಮ ಎದೆಯ ಕೆಮ್ಮು ಇಳಿಸಲಿ, ನಿಮ್ಮ ಹೆಸರು ಮಕ್ಕಳ ಬಾಯಲ್ಲಿ ಮತ್ತೆ ಸಿಹಿಯಾಗಲಿ. ನನಗಾಗಿ ಏನೂ ಬೇಡಿಕೊಳ್ಳುತ್ತಿಲ್ಲ.

ಪರದೆಯ ಹಿಂದೆ ನಿಂತಿದ್ದ
ರೆಹಮತ್‌ಬಿ