ಹೌದು, ಹೆಸರು ಹೇಳಿದ್ದೇನೆ

ಸತ್ತಿ,
೧೪ ಜುಲೈ ೨೦೨೪

ಅಣ್ಣಾಸಾಬ ಅವರಿಗೆ,
ಸುಗಂಧಾಳ ನಮಸ್ಕಾರಗಳು.

ಹೆಂಡತಿ ಗಂಡನ ಹೆಸರು ಬರೆದಳೆಂದು ಕಾಗದ ಹರಿಯಬೇಡಿ, ಪೂರ್ತಿ ಓದಿ. ಗುರುತಿಲ್ಲದ ಅಂಗಡಿಕಾರರು ಫೋನಿನಲ್ಲಿ ನನ್ನ ಮಾತು ಕೇಳುತ್ತಾರೆ. ನೀವೊಬ್ಬರೇ ನಡುವೆ ಕತ್ತರಿಸುತ್ತೀರಿ.

ನಿಮ್ಮ ಗೆಳೆಯ ದಲಾಲನನ್ನು ಬಿಡಿಸಿದೆನೆಂದು ಸಿಟ್ಟು ಮಾಡಿಕೊಂಡು ನಿಪ್ಪಾಣಿಯ ಅಕ್ಕನ ಮನೆ ಸೇರಿದ್ದೀರಿ. ಅಲ್ಲಿಂದ ಹೇಳಿಕಳಿಸಿದ್ದು ಮುಟ್ಟಿತು. ಒಣದ್ರಾಕ್ಷಿ ಮತ್ತೆ ಆ ಗೆಳೆಯನಿಗೇ ಕೊಡಬೇಕು, ಪರಗಂಡಸರಿಗೆ ಫೋನ್ ಹಚ್ಚಿ ನಿಮ್ಮ ಹೆಸರು ಹೇಳುವುದನ್ನು ಬಿಡಬೇಕು, ಇಲ್ಲದಿದ್ದರೆ ನೀವು ಮನೆಗೆ ಬರುವುದಿಲ್ಲ. ನಿಮ್ಮ ಅವ್ವನಿಗಂತೂ ಊರಲ್ಲಿ ಮುಖ ಎತ್ತಲಾಗುತ್ತಿಲ್ಲ. ಇಷ್ಟೇ ತಾನೆ?

ಚೀಲದ ಮೇಲೆ ‘ಅಣ್ಣಾಸಾಬ ಒಣದ್ರಾಕ್ಷಿ’ ಎಂದು ಅಚ್ಚು ಹಾಕಿಸಿದವರು ನೀವು. ಮೀಸೆ ತಿರುವಿದ ಫೋಟೊ ಬೇರೆ. ಹೆಸರು ನುಂಗಿಕೊಂಡು ಅದನ್ನು ಮಾರುವುದು ಹೇಗೆ? ನಾನೂ ಮೊದಲು ಹಾಗೇ ಮಾಡಿದೆ. ಚಿಕ್ಕೋಡಿಯ ಅಂಗಡಿಯವರು ಯಾರ ಮಾಲು ಎಂದು ಕೇಳಿದರೆ, "ನಮ್ಮ ಮನಿಯವರದ್ರಿ" ಎಂದೆ. "ಮನಿಯವರಿಗೆ ಹೆಸರಿಲ್ಲೇನವಾ?" ಎಂದು ಫೋನ್ ಇಟ್ಟರು. ಮದುವೆಯಲ್ಲಿ ಹೇಳಿದಂತೆ ನಿಮ್ಮ ಹೆಸರು ಸೇರಿಸಿ ಒಡಪು ಕಟ್ಟಿ ಹೇಳೋಣವೆಂದರೆ, ಪ್ರಾಸ ಕೂಡಿಬರುವಷ್ಟರಲ್ಲಿ ಕಾಗವಾಡದವರೂ ಇಟ್ಟುಬಿಟ್ಟರು. ಅಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಆಮೇಲೆ ಕಲಿತೆ. ಕಲಿಸಿದವರು ದನದ ಕೊಟ್ಟಿಗೆಯಲ್ಲಿ ಕೂತು ಅಂಗಡಿಕಾರರಾಗುತ್ತಿದ್ದರು, ನಾನು ಪಡಸಾಲೆಯಿಂದ ಕೂಗಿ ಮಾರಬೇಕು. "ಬ್ಯಾಡ, ಇಡ ಫೋನ." "ನಿನ್ನ ಮಾಲಿನ್ಯಾಗ ಬರೇ ಕಡ್ಡಿ ಅದಾವ." "ಯಾರರೆ ಗಂಡಸರಿದ್ರ ಫೋನ ಕೊಡ." ಬೈದೂ ಬೈದೂ ನನ್ನ ಗಂಟಲು ಗಟ್ಟಿ ಮಾಡಿದರು. ಅವರ ಮುಂದೆ ನಿಜವಾದ ಅಂಗಡಿಕಾರರು ದೇವರಂಥವರು.

ಈಗ ಬೇಡ ಎಂದವರಿಗೆ ಮರುವಾರ ಮತ್ತೆ ಹಚ್ಚುತ್ತೇನೆ. ಮೊನ್ನೆ ರಾಯಬಾಗದ ವ್ಯಾಪಾರಿಯೊಬ್ಬರು ಮಾಲಕರನ್ನು ಕರೆಯಲು ಹೇಳಿದರು. "ಮಾಲಕಿನೇ ಮಾತಾಡಾಕತ್ತೀನ್ರಿ, ಹೇಳ್ರಿ" ಎಂದೆ. ದರ ಕೇಳಿದರು. ಕೋಲ್ಡ್ ಸ್ಟೋರೇಜಿನಲ್ಲಿದ್ದ ಮಾಲು ಅರ್ಧ ಖಾಲಿಯಾಗಿದೆ. ಉಳಿದದ್ದನ್ನೂ ನಾನೇ ಮಾರುತ್ತೇನೆ. ನಿಮ್ಮ ಗೆಳೆಯ ಹೇಳಿದ ದರಕ್ಕೆಲ್ಲ ತಲೆಯಾಡಿಸಿ ಸಾಕಾಗಿದೆ, ಈ ಸಲ ಅವನಿಗೆ ಒಂದು ಕಾಳೂ ಇಲ್ಲ.

ನೀವು ಬರದಿದ್ದರೆ ನೋವಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ನೋವಿಗೆ ಹೆದರಿ ಫೋನ್ ಕೆಳಗಿಡುವವಳು ನಾನಲ್ಲ. ಬರುವುದಾದರೆ ಬನ್ನಿ, ಚೀಲ ತುಂಬಲು ಆಳು ಸಾಲುತ್ತಿಲ್ಲ.

ಇಂತಿ,
ನಿಮ್ಮ ಹೆಸರನ್ನು ಊರೂರಿಗೆ ಮುಟ್ಟಿಸುತ್ತಿರುವ
ಸುಗಂಧಾ

ತಾ.ಕ.: ನಿಮ್ಮ ಅವ್ವನ ಮಾತು ಬಂತಲ್ಲ, ಕೇಳಿ. ಕೊಟ್ಟಿಗೆಯಲ್ಲಿ ಕೂತು ಬೈದ ಅಂಗಡಿಕಾರ ಅವರೇ. ನಿಮ್ಮ ಹೆಸರು ಏನು ಮಾಡಿದರೂ ನನ್ನ ಬಾಯಿಂದ ಹೊರಡದಿದ್ದಾಗ ಎದ್ದು ಅಂಗಳಕ್ಕೆ ಬಂದರು. ತೀರಿಹೋದ ಮಾವನವರ ಹೆಸರನ್ನು, ಜನ್ಮದಲ್ಲೇ ಮೊದಲ ಸಲ, "ಹಾಲಸಿದ್ದ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನೋಡವಾ, ಸತ್ತವರ ಎದ್ದ ಬಂದ ಬೈಲಿಲ್ಲ. ಇನ್ನ ನನ್ನ ಮಗಗ ಯಾಕ ಅಂಜತಿ?"