ನಿಪ್ಪಾಣಿಯಲ್ಲಿ ನಿನ್ನನ್ನು ಕಂಡವಳು

ಶುಭಾಂಗಿ ಅಕ್ಕಾ,

ಎಲ್ಲಿದ್ದೀಯೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನು ಕಾಣೆಯಾದಾಗಿನಿಂದ ನನ್ನನ್ನು ಮದುವೆಯಾಗಲಿರುವ ಸುರಜ ನನ್ನ ಜೊತೆ ಊರೂರು ಹುಡುಕುತ್ತಿದ್ದಾನೆ. ಇಂದು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸಿಗೆ ನಿನ್ನ ಫೋಟೊ ತೋರಿಸಿದೆ. ಅವಳು ಫೋಟೊ ನೋಡಿ, ಆಮೇಲೆ ಸುರಜನ ಮುಖ ನೋಡಿದಳು.

"ಈಕೀನ ಬಸ್ ಹತ್ತಿಸಾಕ ಆವತ್ತ ನೀವ ಬಂದಿದ್ರಲ್ರಿ?"

"ನಾ ಅಲ್ಲರಿ, ಬ್ಯಾರೆ ಯಾರೋ ಇರಬೇಕು," ಎಂದು ಅವನು ನಕ್ಕ.

ಹೊರಗೆ ಬಂದು, ಎಂದಿನಂತೆ ನನ್ನ ಕೈ ಹಿಡಿದು, ನೀನು ಸಿಗಲೆಂದು ಯೇಸುವಿಗೆ ಪ್ರಾರ್ಥಿಸತೊಡಗಿದ. ನಡುವೆ ನಾನು ಕಣ್ಣು ತೆರೆದೆ. ಅವನು ಕಣ್ಣು ಮುಚ್ಚಿರಲೇ ಇಲ್ಲ; ನನ್ನನ್ನೇ ನೋಡುತ್ತಿದ್ದ.

"ಆಮೆನ್ ಅನ್ನೂದಿಲ್ಲೇನ?" ಎಂದ.

ಕೈ ಬಿಡಿಸಿಕೊಂಡು ಒಬ್ಬಳೇ ನಮ್ಮೂರು ರಾಯಬಾಗದ ಬಸ್ಸು ಹತ್ತಿದೆ. ಭಾನುವಾರ ಚರ್ಚಿನಲ್ಲಿ ನಮ್ಮ ಮದುವೆಯ ಪ್ರಕಟಣೆ ಓದಬೇಡಿರೆಂದು ಪಾಸ್ಟರಿಗೆ ಹೇಳಿದ್ದೇನೆ.

ಕಾಣೆಯಾಗುವ ಮುಂಚಿನ ದಿನ ನೀನು ಏನೋ ಹೇಳಲೆಂದು ನನ್ನ ಕೋಣೆಗೆ ಬಂದಿದ್ದೆ. ನಾನು ಫೋನಿನಲ್ಲಿ ಸುರಜನ ಜೊತೆ ಮಾತಾಡುತ್ತಿದ್ದೆ; ಅದನ್ನು ಕೇಳಿ ನೀನು ಹೇಳದೆಯೇ ಹಿಂದಿರುಗಿದೆ.