ಕಲ್ಲು ಬಿಡದ ಅಂಟಮ್ಮಂದಿರು

ಏಪ್ರಿಲ್ ೨೮, ಮಂಗಳವಾರ
ಆಸ್ಪತ್ರೆ, ವಾರ್ಡಿನ ಹೊರಗಿನ ಬೆಂಚು

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡೂ ಕಾಗದ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರೆಯಬೇಕು ಅನ್ನುವಷ್ಟರಲ್ಲಿ ಎರಡನೆಯದು ಬಂತು. ಅದರ ತುಂಬ ಬೈಗುಳ. ಬೈಸಿಕೊಳ್ಳಬೇಕಾದ್ದೇ, ತಡವಾದದ್ದನ್ನು ಹೊಟ್ಟೆಗೆ ಹಾಕಿಕೊ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಬಿದ್ದಿರುವವಳಿಗೆ ತಂಗಿಯನ್ನು ಬೈಯುವುದು ಬಿಟ್ಟರೆ ಬೇರೇನು ಕೆಲಸ ಎಂದು ಭಾವ ಅಂದಿರಬೇಕು. ದಿನಾ ಫೋನಿನಲ್ಲಿ ಮಾತಾಡುತ್ತೀವಲ್ಲ, ಕಾಗದವೇಕೆ ಎನ್ನಬೇಡ. ನೀನು ಫೋನು ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಅವರ ಶ್ವಾಸಕೋಶ ಕೆಟ್ಟಿರಬಹುದು, ಕಿವಿ ಕೆಟ್ಟಿಲ್ಲ. ಹಿಟ್ಟಿನ ಗಿರಣಿಯ ಅಷ್ಟು ಗದ್ದಲದಲ್ಲಿ ಬೆಲ್ಟು ಸಡಿಲವಾದದ್ದನ್ನು ಪತ್ತೆ ಹಚ್ಚುತ್ತಿದ್ದ ಕಿವಿ ಅದು.

ಮೊದಲು ಸಮಾಚಾರ. ಅಪ್ಪ ನಿನ್ನೆಗಿಂತ ಇವತ್ತು ಗೆಲುವಾಗಿದ್ದಾರೆ. ಚಹಾ ಕೇಳಿದರು. ಕೊಟ್ಟರೆ, 'ಇದು ಚಹಾನಾ, ಲೋಟ ತೊಳೆದ ನೀರಾ?' ಎಂದರು. ಅಷ್ಟು ಹೇಳುವುದಕ್ಕೆ ಎರಡು ಸಲ ನಿಂತು ಉಸಿರು ಎಳೆದುಕೊಂಡರು. ಮುಖಕ್ಕೆ ಕಟ್ಟಿದ ಆ ಪ್ಲಾಸ್ಟಿಕ್ ಬಟ್ಟಲನ್ನು ಕಂಡರೆ ಅವರಿಗೆ ಆಗುವುದಿಲ್ಲ, ಆದರೆ ತೆಗೆದರೆ ತುಟಿ ನೀಲಿಯಾಗುತ್ತದೆ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳುವುದಿಲ್ಲ. 'ಹೋದ ಭಾಗ ಹೋಯ್ತಮ್ಮ. ಇರೋದನ್ನ ಕಾಪಾಡ್ಕೊಂಡು ಹೋಗ್ಬೇಕು, ಅಷ್ಟೆ' ಎಂದರು. ಇದೇ ಮಾತನ್ನು ನಾನು ನದಿಯ ಬಗ್ಗೆ ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ಕೇಳಿಸಿಕೊಳ್ಳುವ ಕುರ್ಚಿಯಲ್ಲಿ ಕೂತಾಗ ಅದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಇನ್ನು ನಿನ್ನ ಸಿಟ್ಟಿನ ವಿಷಯ. ಇನ್ವರ್ಟರ್ ಅಂಗಡಿಯವನ ಮೇಲೆ ದೂರು ಕೊಡು, ಅವನನ್ನು ಬಿಡಬೇಡ ಎಂದು ಬರೆದಿದ್ದೀಯ. ಅಕ್ಕ, ಆ ಪಾಪದವನನ್ನು ಬಿಟ್ಟುಬಿಡು. ಕರೆಂಟು ಹೋದಾಗ ಇನ್ವರ್ಟರ್ ಕೈ ಕೊಟ್ಟಿತು ಎಂದು ನಾನು ನಿನಗೆ ಹೇಳಿದ್ದು ಅಪ್ಪನ ಎದುರಿಗೆ. ಅದು ಕೈ ಕೊಟ್ಟಿರಲಿಲ್ಲ. ಮೊದಲಿಂದ ಹೇಳುತ್ತೇನೆ, ಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಓದು.

ನನ್ನ ಕೆಲಸವನ್ನು ನೀನು ಯಾವಾಗಲೂ 'ಮೀನೆಣಿಸೋ ನೌಕರಿ' ಎಂದು ಆಡಿಕೊಳ್ಳುತ್ತೀಯ. ಹೌದು, ಅದೇ. ನದಿ ಸಮುದ್ರ ಸೇರುವಲ್ಲಿಂದ ಹಿಡಿದು ಹುಟ್ಟುವ ತನಕ, ಒಂದೊಂದು ತಿರುವಿನಲ್ಲೂ ಬಲೆ ಹಾಕಿ, ಸಿಕ್ಕ ಮೀನನ್ನು ಅಳೆದು, ಚಿತ್ರ ತೆಗೆದು, ಇಂಥದ್ದು ಇಲ್ಲಿದೆ ಎಂದು ದಾಖಲಿಸುವುದು. ನನ್ನ ಜೊತೆ ಬಲೆ ಹಾಕಲು ಬರುವವರು ಒಬ್ಬರಿದ್ದಾರೆ, ಬಲೆಯವರು ಎಂದೇ ಕರೆಯುವುದು, ಮಾತು ಕಡಿಮೆ, ಬೀಡಿ ಜಾಸ್ತಿ. ಅಣೆಕಟ್ಟು ಕಟ್ಟುತ್ತಿದ್ದ ಜಾಗಕ್ಕಿಂತ ಸ್ವಲ್ಪ ಮೇಲೆ ನೀರು ಬಂಡೆಗಳ ಮೇಲೆ ಬಿದ್ದು ನೊರೆಯಾಗಿ ನುಗ್ಗುವ ಒಂದು ಇಳಿಜಾರಿತ್ತು. ಹೋದ ವರ್ಷ ಅಲ್ಲಿ ಕಲ್ಲು ಮಗುಚಿದರೆ ಕಲ್ಲಿನ ಹೊಟ್ಟೆಗೆ ಒಂದು ಮೀನು ಅಂಟಿಕೊಂಡಿತ್ತು. ಬೆರಳುದ್ದ, ಕಂದು ಮೈ, ಹೊಟ್ಟೆ ಚಪ್ಪಟೆ. ರೆಕ್ಕೆಗಳನ್ನು ಎರಡೂ ಕಡೆ ಹರಡಿ ಕಲ್ಲನ್ನು ತಬ್ಬಿಕೊಂಡಿತ್ತು. ನಾನು ಎಲ್ಲೂ ಕಂಡದ್ದಲ್ಲ, ಯಾರೂ ಬರೆದದ್ದಲ್ಲ. ಇದಕ್ಕೇನಂತೀರಿ ಎಂದು ಬಲೆಯವರನ್ನು ಕೇಳಿದೆ.

'ತಿನ್ನೋಕಾಗಲ್ಲ, ಮಾರೋಕಾಗಲ್ಲ. ಅದಕ್ಯಾಕೆ ಮೇಡಂ ಹೆಸರು?' ಎಂದರು.

ಆಮೇಲೆ ಇಡೀ ನದಿ, ಉಪನದಿಗಳನ್ನೆಲ್ಲ ಜಾಲಾಡಿದೆವು. ಆ ಒಂದು ಇಳಿಜಾರು ಬಿಟ್ಟರೆ ಎಲ್ಲೂ ಇಲ್ಲ. ನುಗ್ಗುವ ನೀರಿನಲ್ಲಿ ಮಾತ್ರ ಅದಕ್ಕೆ ಉಸಿರು. ನೀರು ನಿಂತರೆ ಅದೂ ನಿಂತಿತು. ಅಣೆಕಟ್ಟಿನ ಗೇಟು ಹಾಕಿದರೆ ಇಳಿಜಾರು ಕೆರೆಯಾಗುತ್ತದೆ, ಮೀನು ಉಳಿಯುವುದಿಲ್ಲ. ಇಷ್ಟನ್ನು ವರದಿಯಲ್ಲಿ ಬರೆದರೆ ಯಾರಾದರೂ ಓದುತ್ತಾರೆ ಎಂದು ನಂಬಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಮೀನು ಸಿಕ್ಕರೆ ಯಾವುದರಲ್ಲಿ ಗುರುತು ಎದ್ದು ಕಾಣುತ್ತದೋ ಅವನ್ನು ಆರಿಸಿ ಕೊಂದು, ಕೆಡದಂತೆ ಫಾರ್ಮಲಿನ್ ಬಾಟಲಿಗೆ ಹಾಕುತ್ತೇವೆ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಸಾಕ್ಷಿ ಹೇಳಬೇಕಾದದ್ದು ಅವೇ. ಈ ಮೀನಿನಲ್ಲಿ ಕೆಲವಕ್ಕೆ ಮೂತಿಯ ಮೇಲೆ ಮರಳು ಮೆತ್ತಿದ ಹಾಗೆ ಒರಟು ಕಾಳುಗಳಿದ್ದವು, ಅವನ್ನು ಬಾಟಲಿಗೆ ಹಾಕಿದೆ. ಮೂತಿ ನಯವಾಗಿದ್ದ ಉಳಿದವನ್ನು ವಾಪಸು ನೀರಿಗೆ ಬಿಡಬೇಕಿತ್ತು. ಬಿಡಲು ಮನಸ್ಸಾಗಲಿಲ್ಲ. ಡ್ರಮ್ಮಿನಲ್ಲಿ ತುಂಬಿಕೊಂಡು, ದಾರಿಯುದ್ದಕ್ಕೂ ಗಾಳಿ ಹೊಡೆಯುತ್ತ ಮನೆಗೆ ತಂದೆ.

ಆ ಗಾಜಿನ ತೊಟ್ಟಿ ನಡುಮನೆಗೆ ಬಂದದ್ದು ಹಾಗೆ. ಎರಡು ಪಂಪು ಇಟ್ಟು, ಕಲ್ಲಿನ ಮೇಲೆ ಸದಾ ನೀರು ನುಗ್ಗುವ ಹಾಗೆ ಮಾಡಿದೆ. ಎದುರಿಗೆ ಅಪ್ಪನ ಕುರ್ಚಿ, ಕುರ್ಚಿಯ ಪಕ್ಕ ಅಪ್ಪನ ಆಕ್ಸಿಜನ್ ಮಷೀನು. ಒಂದು ಕಡೆ ಅದರ ಗೊರಗೊರ, ಇನ್ನೊಂದು ಕಡೆ ಪಂಪಿನ ಗುಂಯ್. 'ನೋಡು ಪುಟ್ಟಿ, ಗಿರಣಿ ಮುಚ್ಚಿತು ಅಂತ ಬೇಜಾರಾಗಿದ್ದೆ, ನೀನು ಮನೇಲೇ ಗಿರಣಿ ಹಾಕ್ಕೊಟ್ಟೆ' ಎಂದರು ಅಪ್ಪ. ಮೀನಿಗೆ ಹೆಸರಿಟ್ಟವರೂ ಅವರೇ. ಎರಡು ದಿನಕ್ಕೆಂದು ಬಂದು ಮಳೆಗಾಲ ಮುಗಿಸಿಕೊಂಡು ಹೋಗುತ್ತಿದ್ದ ನಮ್ಮ ಸೋದರತ್ತೆ ನೆನಪಿದೆಯಲ್ಲ? ಅವರ ನೆನಪಿಗೆ 'ಅಂಟಮ್ಮ'. ಕಲ್ಲು ಬಿಡದ ಅಂಟಮ್ಮಂದಿರು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ವರದಿ ಸಿದ್ಧವಾಗಿರುತ್ತಿತ್ತು. ಸಣ್ಣ ಅಂಟಮ್ಮ ಇವತ್ತು ಕಲ್ಲು ಬದಲಾಯಿಸಿದಳು, ಮೂಲೆಯವಳಿಗೆ ಯಾಕೋ ಕೋಪ, ಹೀಗೆ. ಅಮ್ಮ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಕರೆಂಟು ಹೋದಾಗ ಮಾತ್ರ ಫಜೀತಿ. ನೀನು ಕೊಡಿಸಿದ ಇನ್ವರ್ಟರ್ ಅಪ್ಪನ ಮಷೀನನ್ನು ಹೊರುತ್ತದೆ. ಅದರ ಜೊತೆ ಪಂಪುಗಳನ್ನೂ ಹಾಕಿದರೆ ಕೀಂ ಎಂದು ಅರಚಿ ಕೂತುಬಿಡುತ್ತದೆ. ಆಗ ನಾನು ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು, ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಹುಯ್ಯುತ್ತಿದ್ದೆ, ಕರೆಂಟು ಬರುವ ತನಕ. 'ಪಿಎಚ್‌ಡಿ ಮಾಡಿದ್ದು ಇದಕ್ಕೇನೇ?' ಎಂದು ಅಪ್ಪ ನಗುತ್ತಿದ್ದರು, ನಕ್ಕು ಕೆಮ್ಮುತ್ತಿದ್ದರು.

ಈಗ ನಾನು ಮಾಡಿದ ಘನಕಾರ್ಯ ಕೇಳು. ವರದಿಯ ಕೊನೆಯಲ್ಲಿ, ನಮ್ಮಲ್ಲಿ ಎಲ್ಲರೂ ಬರೆಯುವ ಹಾಗೆ, ಪ್ರಾಮಾಣಿಕವಾಗಿ ಒಂದು ಸಾಲು ಬರೆದೆ. 'ಕೆಲವು ಮೀನುಗಳನ್ನು ಜೀವಂತವಾಗಿ ತಂದು ಗಮನಿಸಲಾಗುತ್ತಿದೆ.' ಅಣೆಕಟ್ಟು ಯೋಜನೆಯ ಕಚೇರಿಯವರು ಇಡೀ ವರದಿಯಲ್ಲಿ ಹೆಕ್ಕಿಕೊಂಡದ್ದು ಆ ಸಾಲೊಂದನ್ನೇ. ಅವರ ಕಡತದಲ್ಲಿ ಅದು 'ಸದರಿ ಮೀನನ್ನು ಸುರಕ್ಷಿತವಾಗಿ ಸ್ಥಳಾಂತರಿಸಿ ಸಂರಕ್ಷಿಸಲಾಗಿದೆ' ಎಂದಾಯಿತು. ಗೇಟು ಹಾಕಲು ಇದ್ದ ಕೊನೆಯ ತಕರಾರು ಹೀಗೆ ತೀರಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ, ಅಕ್ಕ.

ಗೇಟು ಹಾಕಿದ ಮೇಲೆ ಬಲೆಯವರೂ ನಾನೂ ಹೋಗಿದ್ದೆವು. ಅಲ್ಲಿ ಮಾತಾಡಬೇಕಾದರೆ ಕೂಗಬೇಕಿತ್ತು ಮೊದಲು. ಈಗ ಬಲೆಯವರು ಬೀಡಿ ಹಚ್ಚಿದ ಸದ್ದೂ ಕೇಳಿಸಿತು. ದೋಣಿಯಲ್ಲಿ ಕೂತು ಇಡೀ ದಿನ ಹುಡುಕಿದೆವು. ತಿಳಿ ನೀರು, ಕೆಳಗೆ ಅದೇ ಬಂಡೆಗಳು, ಮೇಲೆ ಕೆಸರಿನ ಪದರ. ಇನ್ನೂ ಮೇಲಕ್ಕೆ, ನೀರು ಹರಿಯುವ ಜಾಗದ ತನಕ ನಡೆದು ಒಂದೊಂದೇ ಕಲ್ಲು ಮಗುಚಿದೆವು. ಒಂದೂ ಇಲ್ಲ. 'ನಡೀರಿ ಮೇಡಂ' ಎಂದರು ಬಲೆಯವರು. ಆ ಮನುಷ್ಯ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದಾಗ ಅಪ್ಪ ಕೇಳಿದರು, 'ಹಾಗಾದ್ರೆ ಇವಿಷ್ಟೇನಾ?'

'ಇವಿಷ್ಟೇ ಅಪ್ಪ.'

'ಇವು ಹೋದ್ರೆ?'

'ಆಮೇಲೆ ಇಲ್ಲ.'

ಅವರು ಕುರ್ಚಿಯನ್ನು ತೊಟ್ಟಿಗೆ ಇನ್ನಷ್ಟು ಹತ್ತಿರ ಹಾಕಿಸಿಕೊಂಡರು. ಆ ಉತ್ತರವನ್ನು ನಾನು ಅಷ್ಟು ಚೊಕ್ಕವಾಗಿ ಕೊಡಬಾರದಿತ್ತೋ ಏನೋ.

ಆಮೇಲಿನ ತಿಂಗಳು ಅಂಟಮ್ಮಂದಿರ ಹೊಟ್ಟೆ ದಪ್ಪಗಾಯಿತು. ತೆಳು ಚರ್ಮದ ಒಳಗೆ ಗಸಗಸೆಯಂಥ ಮೊಟ್ಟೆಗಳು ಕಾಣುತ್ತಿದ್ದವು. ಮೊದಲು ಕಂಡವರು ಅಪ್ಪನೇ. ನಿನಗೆ ಫೋನು ಮಾಡಿ, 'ಬಾಣಂತನಕ್ಕೆ ಯಾವಾಗ ಬರ್ತೀಯ?' ಎಂದು ಕೇಳಿದ್ದು ನೆನಪಿದೆಯಾ? ಎದುರುಮನೆಯ ದರ್ಜಿ ಹೆಂಗಸನ್ನು ಕರೆದು ತೋರಿಸಿದರು. ಆಕೆ, 'ಅಜ್ಜ, ಕುಲಾವಿ ಹೊಲಿಲಾ?' ಎಂದಳಂತೆ. 'ಅಳತೆ ಆಮೇಲೆ ಹೇಳ್ತೀನಿ' ಎಂದರಂತೆ ಇವರು.

ಹೋದ ಮಂಗಳವಾರ ನಾನು ಯೋಜನೆಯ ಕಚೇರಿಗೆ ಹೋದೆ. ಆ ಸಾಲನ್ನು ತೆಗೆಯಿರಿ, ಇಲ್ಲವೇ ಎಲ್ಲಾದರೂ ಒಂದೆರಡು ಉಳಿದಿದ್ದರೆ ಬದುಕಲಿ, ಇಳಿಜಾರಿನಲ್ಲಿ ಮತ್ತೆ ನೀರು ನುಗ್ಗುವಷ್ಟಾದರೂ ಗೇಟು ತೆಗೆಯಿರಿ ಎಂದು ಬೇಡಲು. ಅಧಿಕಾರಿ ಮರ್ಯಾದಸ್ಥ, ಕುರ್ಚಿ ಕೊಟ್ಟು ಚಹಾ ತರಿಸಿದ. 'ಮೇಡಂ, ನೀವೇ ಬರೆದಿದ್ದೀರಲ್ಲ. ಮೀನು ನಿಮ್ಮ ಹತ್ರ ಚೆನ್ನಾಗಿವೆ ತಾನೆ?' ಎಂದು ಕೇಳಿದ. ಚೆನ್ನಾಗಿವೆ ಎಂದರೆ ಅವನು ಗೆದ್ದ, ಇಲ್ಲ ಎಂದರೆ ಅದು ನನ್ನ ತಪ್ಪು. ನಾನು ಚಹಾ ಕುಡಿದು ಎದ್ದುಬಂದೆ.

ಅದೇ ಹೊತ್ತಿಗೆ ಮನೆಯಲ್ಲಿ ಕರೆಂಟು ಹೋಯಿತು. ನಡು ಮಧ್ಯಾಹ್ನ. ಪಂಪು ನಿಂತಿತು. ಅಂಟಮ್ಮಂದಿರು ಕಲ್ಲು ಬಿಟ್ಟು ಮೇಲೆ ಬಂದು ಬಾಯಿ ಬಿಡತೊಡಗಿದವಂತೆ. ಚೊಂಬು ಎತ್ತಿ ಹುಯ್ಯುವ ಶಕ್ತಿ ಅಪ್ಪನಿಗಿಲ್ಲ. ಅವರು ಲೆಕ್ಕ ಹಾಕಿದರು, ಗಿರಣಿಯವರ ಲೆಕ್ಕ. ಎರಡು ಮಷೀನನ್ನು ಒಂದೇ ಇನ್ವರ್ಟರ್ ಹೊರುವುದಿಲ್ಲ. ತನಗೆ ಮೂಲೆಯಲ್ಲಿ ಸಿಲಿಂಡರ್ ಇದೆ, ಅವಕ್ಕೆ ಇಲ್ಲ. ತಮ್ಮ ಮಷೀನಿನ ಪ್ಲಗ್ಗು ಕಿತ್ತು ಪಂಪುಗಳದ್ದನ್ನು ಸಿಕ್ಕಿಸಿದರು. ಲೆಕ್ಕ ಸರಿಯಾಗೇ ಇತ್ತು ಅಕ್ಕ, ನನಗೂ ನಿನಗೂ ಅದಕ್ಕಿಂತ ಚೆನ್ನಾಗಿ ಹೊಳೆಯುತ್ತಿರಲಿಲ್ಲ. ಆದರೆ ಸಿಲಿಂಡರಿನ ತಿರುಪು ಬಿಗಿಯಾಗಿತ್ತು. ಕೈಯಲ್ಲಿ ಕಸುವಿಲ್ಲ. ತಿರುವಿ ತಿರುವಿ ಅಲ್ಲೇ ಕುಸಿದರು. ಬಟ್ಟೆ ಕೊಡಲು ಬಂದ ದರ್ಜಿ ಹೆಂಗಸು ನೋಡದಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು.

ನಾನು ಆಸ್ಪತ್ರೆಯಿಂದ ಮನೆಗೆ ಹೋಗಿ ನೋಡಿದಾಗ ಪಂಪಿನ ಪ್ಲಗ್ಗು ಇನ್ವರ್ಟರಿನಲ್ಲೇ ಇತ್ತು. ಮೀನುಗಳು ಕಲ್ಲಿನ ಮೇಲೆ ಸುಖವಾಗಿದ್ದವು. ಅವನ್ನು ನೋಡಿ ನನಗೆ ಬಂದ ಸಿಟ್ಟು ಎಂಥದ್ದು ಎಂದು ಬರೆಯಲಾರೆ. ನಡೆದದ್ದನ್ನು ಅಪ್ಪನೇ ಆಮೇಲೆ ತುಂಡು ತುಂಡಾಗಿ ಹೇಳಿದರು. 'ಅಕ್ಕನಿಗೆ ಹೇಳ್ಬೇಡ, ಬೈತಾಳೆ' ಎಂದರು. ಅದಕ್ಕೇ ಇನ್ವರ್ಟರ್ ಮೇಲೆ ಹಾಕಿದೆ. ನೀನು ಅವರನ್ನು ಬೈಯಬೇಡ, ಗೊತ್ತಿಲ್ಲದ ಹಾಗೇ ಇರು.

ಕಾಲಿನ ಮೇಲೆ ಭಾರ ಹಾಕಬೇಡ, ಇಲ್ಲಿಗೆ ಓಡಿಬರುವ ಹುಚ್ಚು ಯೋಚನೆ ಮಾಡಬೇಡ. ಭಾವನಿಗೆ ನಮಸ್ಕಾರ. ನಿನ್ನ ಮಗಳು ಪರೀಕ್ಷೆ ಚೆನ್ನಾಗಿ ಬರೆಯಲಿ, ಚಿಕ್ಕಮ್ಮನ ಆಶೀರ್ವಾದ ಅವಳ ಮೇಲೆ ಸದಾ ಇದೆ ಎಂದು ಹೇಳು. ನೀನು ದೊಡ್ಡವಳು, ನನಗೂ ಒಂದಿಷ್ಟು ಹರಸು. ಈಗ ಬೇಕಾಗಿದೆ.

ನಿನ್ನ
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೂತಿ ನಯವಾಗಿದ್ದವು ಎಳೆಯವು, ಬೆಳೆದ ಮೇಲೆ ಕಾಳು ಮೂಡುತ್ತದೆ ಎಂದುಕೊಂಡಿದ್ದೆ. ಆದರೆ ಹೊಟ್ಟೆಯಲ್ಲಿ ಮೊಟ್ಟೆ ತುಂಬಿದರೂ ಮೂತಿ ನಯವಾಗೇ ಇತ್ತು. ಅನುಮಾನ ಬಂದು ಹೋದ ಮಂಗಳವಾರ ಬೆಳಿಗ್ಗೆ, ಕಚೇರಿಗೆ ಹೋಗುವ ಮೊದಲು, ಬಾಟಲಿ ಬಿಚ್ಚಿ ಒಂದೊಂದನ್ನೇ ಕೊಯ್ದು ನೋಡಿದೆ. ಕಾಳಿನವೆಲ್ಲ ಗಂಡು. ಗುರುತು ಚೆನ್ನಾಗಿದೆ ಎಂದು ನಾನು ಆರಿಸಿ ಆರಿಸಿ ಫಾರ್ಮಲಿನ್‌ಗೆ ಹಾಕಿದ್ದು ಅಷ್ಟೂ ಗಂಡುಗಳನ್ನು. ತೊಟ್ಟಿಯಲ್ಲಿ ಒಂದೂ ಗಂಡಿಲ್ಲ, ಅಕ್ಕ. ಇದು ಗೊತ್ತಿದ್ದೇ ನಾನು ಮನೆಯಿಂದ ಹೊರಟೆ. ಅಪ್ಪ ತೊಟ್ಟಿಯ ಮುಂದೆ ಖುಷಿಯಾಗಿ ಕೂತಿದ್ದರು, ಸಂಜೆ ಹೇಳಿದರಾಯಿತು ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ಅವು ಕಲ್ಲಿನ ಮೇಲೆ ಮೊಟ್ಟೆ ಇಟ್ಟಿದ್ದವು, ನೀರಿನ ಹನಿಯಂತೆ ತಿಳಿಯಾಗಿ. ಫೋಟೊ ತೆಗೆದು ಅಪ್ಪನಿಗೆ ತೋರಿಸಿದೆ. ಮುಖದ ಬಟ್ಟಲು ಸರಿಸಿ, 'ನೋಡಿದ್ಯಾ, ಉಳಿದ್ವು' ಎಂದರು. ನರ್ಸಿಗೆ, ಪಕ್ಕದ ಮಂಚದವರಿಗೆ, ಕಸ ಗುಡಿಸುವವಳಿಗೆ, ಎಲ್ಲರಿಗೂ ತೋರಿಸಿದರು. ಸಂಜೆ ಮನೆಗೆ ಹೋದಾಗ ಮೊಟ್ಟೆಗಳೆಲ್ಲ ಸತ್ತು ಸುಣ್ಣದ ಹಾಗೆ ಬೆಳ್ಳಗಾಗಿದ್ದವು, ಗಂಡಿಲ್ಲದೆ ಇಟ್ಟವು ಮರಿಯಾಗುವುದಿಲ್ಲ. ವಾರ್ಡಿನ ಬಾಗಿಲು ತೆರೆಯುವ ಹೊತ್ತಾಯಿತು. ಒಳಗೆ ಹೋದರೆ ಅಪ್ಪ ಮರಿಗಳ ಫೋಟೊ ಕೇಳುತ್ತಾರೆ.